ಪೆಟ್ಟಿಗೆಯ ಆ ಕಡೆ ಹಿಡಿದವನು

ಕರೆಂಟು ಹೋದ್ರೆ ಹೋಗ್ಲಿ, ಮೇಣದಬತ್ತಿ ಹುಡುಕೋಕೆ ಯಾರೂ ಏಳ್ಬೇಡಿ. ಇದು ಕತ್ತಲಲ್ಲೇ ಹೇಳೋ ವಿಷಯ. ಏಯ್, ಆ ಫೋನು ಮಗುಚಿಡು, ಕಣ್ಣಿಗೆ ಚುಚ್ಚುತ್ತೆ. ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ಎದ್ದು ಹೋಗ್ತೀನಿ, ಈಗಲೇ ಹೇಳಿದೀನಿ. ಯಾರೋ ಯಾರಿಗೋ ಹೇಳಿದ್ದು ಅಂತ ನಾನು ತಂದು ಹೇಳ್ತಿಲ್ಲ. ನನ್ನ ಚಿಕ್ಕಮ್ಮನ ಮಗನಿಗೇ ಆಗಿದ್ದು. ಆಗ ನಾನು ಅವರ ಮನೆ ಮಹಡಿಯಲ್ಲೇ ಇದ್ದೆ.

ಆವತ್ತು ಅವನು ಮನೆಗೆ ಬರೋವಾಗ ತುಂಬಾ ಹೊತ್ತಾಗಿತ್ತು. ನಮ್ಮ ಬೀದಿ ತಿರುವಿನಲ್ಲಿ ಒಂದು ಹಳೇ ಬಾವಿ. ಯಾರೂ ಬೀಳದ ಹಾಗೆ ಮೇಲೆ ಕಾಂಕ್ರೀಟು ಹಲಗೆ ಎಳೆದಿದ್ರು. ಅದರ ಪಕ್ಕದಲ್ಲೇ ನಡ್ಕೊಂಡು ಬರ್ಬೇಕು, ಬೇರೆ ದಾರಿ ಇಲ್ಲ. ಬೀದಿ ದೀಪ ಇತ್ತು. ನಾಯಿ ಕೂಡ ಬೊಗಳ್ತಿರಲಿಲ್ಲ.

ಬಾವಿ ದಾಟಿದ್ದಾನೆ... ಹಿಂದಿನಿಂದ ಕರ್ರ್... ಅಂತ ಸದ್ದು. ತಗಡು ಸಿಮೆಂಟಿನ ಮೇಲೆ ಉಜ್ಜಿದ ಸದ್ದು. ನಿಂತ. ಸದ್ದೂ ನಿಂತಿತು. ಆಮೇಲೆ ಹಲಗೆ ಕಡೆಯಿಂದ, ಮೆಲ್ಲಗೆ, ಪಕ್ಕದಲ್ಲಿ ಕೆಲಸ ಮಾಡೋರು ಕೇಳೋ ಹಾಗೆ...

"ಹಿಡಿದ್ಯಾ?"

ಇವನ ಬಾಯಿ ಇವನನ್ನ ಕೇಳ್ಲೇ ಇಲ್ಲ. "ಹಿಡಿದೆ," ಅಂದುಬಿಟ್ಟ.

ತಿರುಗಿ ನೋಡಿದ್ರೆ ಹಲಗೆ ಹಾಗೇ ಇದೆ, ಯಾರೂ ಇಲ್ಲ. ಒಂದೇ ಉಸಿರಿಗೆ ಮನೆಗೆ ಓಡಿ ಬಂದ. ಬಾಗಿಲು ತೆಗೆದಿದ್ದು ನಾನೇ. ಎರಡು ಕೈನೂ ಒಂದರಿಂದ ಒಂದು ಒತ್ಕೊಳ್ತಾ, "ಅಕ್ಕಾ, ಮೊಣಕೈ ಸೆಳೀತಿದೆ," ಅಂದ. ಏನು ಹೊತ್ಕೊಂಡು ಬಂದೆ ಅಂದ್ರೆ, ಏನೂ ಇಲ್ಲ, ಖಾಲಿ ಕೈ.

ಬಾವಿ ಹತ್ರ ಯಾರೋ ಕೇಳಿದ್ರೆ ಇವನ್ಯಾಕೆ ಉತ್ತರ ಕೊಟ್ಟ ಅಂತೀರಾ? ಅದಕ್ಕೆ ಅವನ ಕೆಲಸ ಏನು ಅಂತ ಹೇಳ್ಬೇಕು.

ಆಫೀಸುಗಳಿಗೆ ಹೋಗಿ ನೆಟ್‌ವರ್ಕ್ ಕೂರಿಸೋದು ಅವನ ಕೆಲಸ. ಪ್ರತಿ ಆಫೀಸಿನಲ್ಲೂ ಒಂದು ಮೂಲೆ ಕೋಣೆ ಇರುತ್ತೆ. ಅಲ್ಲಿ ಬಾಗಿಲಿಲ್ಲದ ಕಬ್ಬಿಣದ ಬೀರು ಥರ ರ್‍ಯಾಕು. ಇಡೀ ಕಟ್ಟಡದ ಕಂಪ್ಯೂಟರು, ಫೋನು, ಕ್ಯಾಮೆರಾ ಎಲ್ಲದರ ವೈರೂ ಬಂದು ಆ ರ್‍ಯಾಕಿನ ಪೆಟ್ಟಿಗೆಗಳಿಗೆ ಸೇರುತ್ತೆ. ಅದರಲ್ಲಿ ದೊಡ್ಡ ಪೆಟ್ಟಿಗೆ ಇದೆಯಲ್ಲ, ಅದು ಒಬ್ಬ ಎತ್ತೋ ಸಾಮಾನಲ್ಲ. ಅದರ ಮೇಲೇ ಚಿತ್ರ ಅಂಟಿಸಿರ್ತಾರೆ, ಇಬ್ಬರು ಎರಡು ಕಡೆ ಹಿಡಿದು ಎತ್ತೋ ಚಿತ್ರ.

ಹಾಗೆ ಎತ್ತುವಾಗ ಒಂದು ರೂಢಿ. ಒಬ್ಬ ಕೇಳ್ಬೇಕು, ಹಿಡಿದ್ಯಾ? ಇನ್ನೊಬ್ಬ ಹೇಳ್ಬೇಕು, ಹಿಡಿದೆ. ಆಮೇಲೇ ಎತ್ತೋದು. ಜಾಗಕ್ಕೆ ಕೂತಿತು ಅನ್ನಿಸಿದಾಗ ಕೇಳ್ಬೇಕು, ಬಿಡ್ಲಾ? ಆ ಕಡೆಯವನು "ಬಿಡು" ಅನ್ನೋ ತನಕ ಕೈ ತೆಗೆಯೋ ಹಾಗಿಲ್ಲ. ಮೂಗಿನ ಮೇಲೆ ಸೊಳ್ಳೆ ಕೂತ್ರೂ ಇಲ್ಲ. ದಿನಾ ಅದೇ ಮಾತು, ವರ್ಷಗಟ್ಟಲೆ. ನಿದ್ದೆಯಲ್ಲಿ ಕೇಳಿದ್ರೂ ಉತ್ತರ ಬರುತ್ತೆ ಅವರಿಗೆ.

ಇದನ್ನ ಅವನಿಗೆ ಕಲಿಸಿದ್ದು ಅವನ ಜೊತೆಗಾರ. ಹೆಸರು ಕರೀತಿದ್ದಿದ್ದು ಮೆಲ್ಲಣ್ಣ ಅಂತ. ಎಲ್ಲದಕ್ಕೂ "ಮೆಲ್ಲಗೆ, ಮೆಲ್ಲಗೆ" ಅಂತಿದ್ದ ಮನುಷ್ಯ. ನಮ್ಮವನಿಗೆ ಸ್ಪೀಡು ಅಂತ ಹೆಸರು. ಟೀ ಆರೋ ತನಕ ಕಾಯಲಾರದೆ ನಾಲಿಗೆ ಸುಟ್ಕೊಳ್ಳೋನು. ಜೋಡಿ ಹೇಗಿತ್ತು ನೋಡಿ. ಮೆಲ್ಲಣ್ಣ ಕೋಣೆಗೆ ಕಾಲಿಟ್ರೆ ಮೊದಲು ರ್‍ಯಾಕಿನ ಮೇನ್ ಸ್ವಿಚ್ಚು ಆಫ್ ಮಾಡ್ತಿದ್ದ. ಉಂಗುರ ಬಿಚ್ಚಿ ಜೇಬಿಗೆ ಹಾಕ್ಕೊಳ್ತಿದ್ದ. ರ್‍ಯಾಕು ನೆಲಕ್ಕೆ ಬೋಲ್ಟ್ ಆಗಿದೆಯಾ ಅಂತ ಅಲ್ಲಾಡಿಸಿ ನೋಡ್ತಿದ್ದ. ಹಸಿರು-ಹಳದಿ ಅರ್ಥಿಂಗ್ ವೈರು ಕಟ್ಟಿದ ಮೇಲೇ ಬೇರೆ ಮಾತು. ಸ್ಪೀಡು ಗೊಣಗಿದ್ರೆ, "ತಮ್ಮಾ, ಕರೆಂಟು ನಿನಗಿಂತ ಸ್ಪೀಡು," ಅನ್ನೋನು. ನಮ್ಮನೆಗೆ ಬಂದಾಗಲೂ ಕುರ್ಚಿ ಅಲ್ಲಾಡಿಸಿ ನೋಡಿ ಕೂರ್ತಿದ್ದ. ನಾವೆಲ್ಲ ನಗ್ತಿದ್ವಿ.

ಅಂಥ ಮೆಲ್ಲಣ್ಣ ಸತ್ತಿದ್ದು ಒಂದು ಆಫೀಸಿನ ಮೂಲೆ ಕೋಣೆಯಲ್ಲೇ. ಅದಕ್ಕೆ ಕಿಟಕಿ ಇರಲಿಲ್ಲ. ಲೈಟಿಗೆ ಗುಂಡಿಯೂ ಇರಲಿಲ್ಲ. ಒಳಗೆ ಯಾರಾದ್ರೂ ಅಲುಗಾಡಿದ್ರೆ ತಾನಾಗಿ ಹತ್ತುತ್ತೆ, ಸ್ವಲ್ಪ ಹೊತ್ತು ಯಾರೂ ಅಲುಗಾಡದಿದ್ರೆ ಟಿಕ್ ಅಂತ ಆರುತ್ತೆ. ಬಗ್ಗಿ ವೈರು ಜೋಡಿಸ್ತಾ ಕೂತಿದ್ರೆ ಆಗಾಗ ಕತ್ತಲಾಗೋದು, ಮೆಲ್ಲಣ್ಣ ಒಂದು ಕೈ ಎತ್ತಿ ಬೀಸೋನು. "ಇನ್ನೂ ಇದೀವಪ್ಪಾ," ಅಂತ ಲೈಟಿಗೇ ಹೇಳೋನು.

ಅಲ್ಲಿ ದೊಡ್ಡ ಪೆಟ್ಟಿಗೆಯನ್ನ ಎದೆ ಎತ್ತರಕ್ಕೆ ಎತ್ತಿ ಕೂರಿಸೋವಾಗ ಅದು ಜಾರಿತು. ಮೆಲ್ಲಣ್ಣ ಹಿಂದಕ್ಕೆ ಬಿದ್ದ, ಪೆಟ್ಟಿಗೆ ಅವನ ಎದೆ ಮೇಲೆ. ಜನ ಬರೋ ಹೊತ್ತಿಗೆ ಉಸಿರು ನಿಂತಿತ್ತು.

ಕಂಪನಿಯವರು ವಿಚಾರಣೆ ಮಾಡಿದ್ರು. ಸ್ಪೀಡು ಹೇಳಿದ್ದು ಇಷ್ಟು. "ನಾನು ಬಿಡ್ಲಾ ಅಂದೆ. ಅವನು ಬಿಡು ಅಂದ. ಬಿಟ್ಟೆ." ಅಂದ್ರೆ ತಪ್ಪು ಯಾರದ್ದಾಯ್ತು? ಸತ್ತವನದ್ದು. ತೂಕಡಿಸ್ತಿದ್ದ ಅಂತ ಜನ ಸೇರಿಸ್ಕೊಂಡ್ರು. ತನ್ನ ತಪ್ಪಿಂದ ಸತ್ತ ಕೆಲಸಗಾರನ ಸಂಸಾರಕ್ಕೆ ಕಂಪನಿ ಮನೆ ಇಲ್ಲ. ಖಾಲಿ ಮಾಡಿ ಅಂದ್ರು. ಆ ಮನೆಯಲ್ಲಿ ಇದ್ದಿದ್ದು ಅವನ ಹೆಂಡತಿ ಮತ್ತೆ ಹಾಸಿಗೆ ಹಿಡಿದಿದ್ದ ಅವನ ತಾಯಿ. ನಮ್ಮ ಸ್ಪೀಡು ಅದೇ ವಾರ ಸೂಪರ್‌ವೈಸರ್ ಆದ. ಆ ವಿಚಾರಣೆ ಮುಗಿಸ್ಕೊಂಡು ಬರ್ತಿದ್ದಾಗಲೇ ಬಾವಿ ಹತ್ರ ಮಾತು ಕೇಳಿಸಿದ್ದು.

ಇನ್ನು ಮುಂದಿನದು ಅವನು ಆಮೇಲೆ, ನಾನು ಅವನ ಬಾಯಿಗೆ ಅನ್ನ ಇಡ್ತಾ ಇದ್ದಾಗ ನನ್ನ ಹತ್ರ ಹೇಳಿದ್ದು. ಯಾಕೆ ನಾನು ಬಾಯಿಗಿಡ್ಬೇಕಾಯ್ತು ಅಂತ ಗೊತ್ತಾಗುತ್ತೆ, ತಾಳಿ.

ಆ ಪೆಟ್ಟಿಗೆಗೆ ಏನೂ ಆಗಿರಲಿಲ್ಲ ನೋಡಿ. ಮನುಷ್ಯ ಹೋದ, ಪೆಟ್ಟಿಗೆ ಮೂಲೆ ಒಂಚೂರು ನಗ್ಗಿತ್ತು ಅಷ್ಟೇ. ಅದನ್ನೇ ಕೂರಿಸಿ ಕೆಲಸ ಮುಗಿಸ್ಬೇಕು. ರಜಾ ದಿನ, ಮಧ್ಯಾಹ್ನ, ಕಟ್ಟಡ ಖಾಲಿ. ಜೊತೆಗೆ ಇನ್ನೊಬ್ಬ ಫಿಟ್ಟರು ಬರ್ಬೇಕಿತ್ತು, ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿದ್ದ. ಕಾಯೋಕೇನಾಗಿತ್ತು ಇವನಿಗೆ? ಒಂದು ಸಾವು ಕಣ್ಣೆದುರು ಆಗಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಅಂದಿಲ್ಲ ಹಿರಿಯರು. ಇಬ್ಬರ ಚಿತ್ರದ ಮೇಲೇ ಕೈಯಿಟ್ಟು ಒಬ್ಬನೇ ಎತ್ತಿದ.

ಮೊಣಕಾಲ ತನಕ ಬಂತು. ಸೊಂಟದ ತನಕ ಬಂತು. ಅಲ್ಲಿಂದ ಮೇಲೆ ಆಗಲಿಲ್ಲ. ಇಳಿಸೋಕೂ ಆಗಲಿಲ್ಲ, ಬೆರಳು ಅಡಿಗೆ ಸಿಕ್ಕಿಹಾಕ್ಕೊಂಡಿದ್ವು. ತೋಳು ಗಡಗಡ ನಡುಗ್ತಿದೆ. ಇನ್ನೇನು ಕಾಲ ಮೇಲೆ ಬೀಳುತ್ತೆ...

ತೂಕ ಅರ್ಧ ಆಯ್ತು.

ಅವನು ಹೇಳಿದ್ದು ಹಾಗೇ. ಪಕ್ಕದಲ್ಲಿ ಯಾರೋ ಕೈ ಕೊಟ್ಟಾಗ ಆಗುತ್ತಲ್ಲ, ಹಾಗೆ ಹಗುರ ಆಯ್ತಂತೆ. ಆ ಕಡೆಯಿಂದ ಮೆಲ್ಲಗೆ, "ಹಿಡಿದೆ."

ಹಿಡಿದ್ಯಾ ಅಂತ ಇವನು ಕೇಳಿರಲೇ ಇಲ್ಲ.

ಆ ಕಡೆ ಅಂಚಿನಲ್ಲಿ ಒಂದು ಬೆರಳೂ ಕಾಣಲಿಲ್ಲ. ಆದ್ರೆ ಪೆಟ್ಟಿಗೆ ಮಟ್ಟವಾಗಿತ್ತು, ಒಂದು ಕೂದಲೆಳೆ ಆ ಕಡೆ ಈ ಕಡೆ ಇಲ್ಲ. ತಾನಾಗಿ ಮೇಲೇರಿತು. ಎದೆ ಎತ್ತರಕ್ಕೆ ಬಂದು ನಿಂತಿತು. ಇವನು ಉಸಿರು ಕೂಡ ಬಿಡ್ತಿಲ್ಲ, ಕಂಬದ ಹಾಗೆ ನಿಂತಿದ್ದಾನೆ. ರ್‍ಯಾಕಿನ ಫ್ಯಾನು ಗುಂಯ್... ಅಂತಿದೆ.

ಟಿಕ್.

ಲೈಟು ಆರಿತು. ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಕತ್ತಲೆ. ಕೈ ಬೀಸಿದ್ರೆ ಹತ್ತುತ್ತೆ, ಆದ್ರೆ ಕೈ ಪೆಟ್ಟಿಗೆ ಅಡಿಯಲ್ಲಿದೆ. ಸುಮ್ಮನೆ ನಿಂತ. ಬೆವರು ಗದ್ದದಿಂದ ನೆಲಕ್ಕೆ ತೊಟ್ಟಿಕ್ಕೋದು ಕೇಳ್ತಿತ್ತಂತೆ. ಟಪ್... ಟಪ್...

ಟಿಕ್.

ಲೈಟು ಹತ್ತಿತು. ಇವನು ಅಲುಗಾಡಿರಲಿಲ್ಲ.

"ನಾನು ಏನಂದೆ?" ಅಂತು ಆ ಧ್ವನಿ. ಕೋಪ ಇರಲಿಲ್ಲವಂತೆ ಅದರಲ್ಲಿ. ಸ್ಕ್ರೂ ಸರಿಯಾಗಿ ಕೂತಿದೆಯಾ ಅಂತ ಕೇಳೋ ಹಾಗೆ.

"ಏನೂ ಅನ್ನಲಿಲ್ಲ."

"ನೀನು ಕೇಳಿದ್ಯಾ?"

"ಇಲ್ಲ... ಜೇಬಲ್ಲಿ ಫೋನು ಬಂತು. ಕೈ ತೆಗೆದೆ."

"ಅವಳಿಗೆ ಹೇಳು."

"ಹೇಳ್ತೀನಿ."

"ಅಮ್ಮನಿಗೂ."

"ಹೇಳ್ತೀನಿ. ನಾಳೇನೇ ಹೇಳ್ತೀನಿ."

ಸರ್ರ್... ಅಂತ ಪೆಟ್ಟಿಗೆ ಒಳಗೆ ಜಾರಿತು. ಕಟಕ್. ತೂತಿಗೆ ತೂತು ಸರಿಯಾಗಿ ಕೂತಿತ್ತು. ಆಮೇಲೆ, "ಬಿಡು."

ಬಿಟ್ಟ. ನೋಡಿ ಎಂಥ ಮನುಷ್ಯ ಅವನು. ಸತ್ತ ಮೇಲೂ ಹೇಳದೆ ಕೈ ತೆಗೆಸಲಿಲ್ಲ.

ಈಗ ನಮ್ಮವನ ಯೋಗ್ಯತೆ ಕೇಳಿ. ಆ ರಾತ್ರಿ ನಿದ್ದೆ ಮಾಡಲಿಲ್ಲ, ನಿಜ. ಬೆಳಿಗ್ಗೆ ಎದ್ದು ಹೋಗೋಣ ಅಂತಲೇ ಇದ್ದ. ಅಷ್ಟರಲ್ಲಿ ಬಿಸಿಲು ಬಂತು, ಹಾಲಿನವನು ಬಂದ, ಪಕ್ಕದ ಮನೆ ರೇಡಿಯೋ ಶುರುವಾಯ್ತು. ಬೆಳಕಲ್ಲಿ ಎಲ್ಲರೂ ಧೈರ್ಯವಂತರೇ. ಮ್ಯಾನೇಜರಿಗೆ ಫೋನು ಮಾಡಿ, "ಸಾರ್, ನಾನು ಹೇಳಿದ್ದು ಬದಲಾಯಿಸಿದ್ರೆ ಏನಾಗುತ್ತೆ?" ಅಂದ. ಆ ಕಡೆಯಿಂದ ನಗು. "ಜೈಲಾಗುತ್ತೆ. ಸತ್ತೋನು ಬಂದು ಸಾಕ್ಷಿ ಹೇಳ್ತಾನಾ? ಸುಮ್ಮನೆ ಕೆಲಸ ನೋಡ್ಕೋ."

ಆ ಹೊತ್ತಿಗೇ ಅವಳೇ ಬಂದ್ಲು, ಮೆಲ್ಲಣ್ಣನ ಹೆಂಡತಿ. ನಾನು ಕೆಲಸಕ್ಕೆ ಹೋಗಿದ್ದೆ. ಇದ್ದಿದ್ರೆ ಅವನ ಕಪಾಳಕ್ಕೆ ಬಿಗೀತಿದ್ದೆ, ಆದ್ರೆ ಆಗ ನನಗೂ ಏನೂ ಗೊತ್ತಿರಲಿಲ್ಲ. ಚಿಕ್ಕಮ್ಮ ಇದ್ರು. ಅವರು ಹೇಳಿದ ಪ್ರಕಾರ, ಅವಳು ಒಳಗೂ ಬರಲಿಲ್ಲ, ಹೊಸ್ತಿಲಲ್ಲೇ ನಿಂತ್ಲು. ಅಳಲಿಲ್ಲ, ಕೂಗಾಡಲಿಲ್ಲ.

"ನಾವು ನಾಳೆ ಮನೆ ಖಾಲಿ ಮಾಡ್ಬೇಕು. ಅತ್ತೆ ಕೊನೇ ಉಸಿರಲ್ಲಿದಾರೆ. ನನ್ನ ಮಗ ಕೆಲಸದಲ್ಲಿ ತೂಕಡಿಸಿದನಾ ಅಂತ ಅದೊಂದೇ ಕೇಳ್ತಾರೆ. ನೀವೊಬ್ಬರೇ ಅಲ್ಲಿದ್ದೋರು. ಅವರು ಬಿಡು ಅಂದ್ರಾ?"

ಶೂಗೆ ಪಾಲಿಶ್ ಹಾಕ್ತಿದ್ದ ಇವನು. ತಲೆ ಎತ್ತಲಿಲ್ಲ.

"ಅಂದ," ಅಂದ.

ಅವಳು ಹೋದ್ಲು. ಚಿಕ್ಕಮ್ಮ ಅಡುಗೆಮನೆಗೆ ತಿರುಗಿದ್ರು. ಹಿಂದೆ ಬ್ರಶ್ಶು ನೆಲಕ್ಕೆ ಬಿದ್ದ ಸದ್ದು, ಟಕ್. ತಿರುಗಿ ನೋಡಿದ್ರೆ ಮಗ ಎದ್ದು ನಿಂತಿದ್ದಾನೆ. ಎರಡೂ ಕೈ ಎದೆ ಎತ್ತರಕ್ಕೆ ಮುಂದೆ ಚಾಚಿದೆ, ಅಂಗೈ ಮೇಲಕ್ಕೆ. ತೋಳಿನ ನರ ಎಲ್ಲ ಉಬ್ಬಿ ನಿಂತಿದೆ.

"ಏನೋ ಇದು ಆಟ?" ಅಂದ್ರು.

"ಅಮ್ಮಾ... ಆ ಕಡೆ ಯಾರೂ ಹಿಡಿದಿಲ್ಲ."

ಅಲ್ಲಿಂದ ಆ ಕೈ ಇಳಿಯಲೇ ಇಲ್ಲ.

ನಗ್ಬೇಡ ನೀನು. ನಾನೂ ಮೊದಲು ನಾಟಕ ಅಂದ್ಕೊಂಡೆ. ಸಂಜೆ ಬಂದು ಬಲಗೈ ಹಿಡಿದು ಕೆಳಗೆ ಒತ್ತಿದೆ. ಅಯ್ಯೋ, ಆ ಕೂಗು ಈಗಲೂ ಕಿವಿಯಲ್ಲಿದೆ. "ಎದೆ ಮೇಲೆ ಬೀಳುತ್ತೆ ಅಕ್ಕಾ, ಒತ್ಬೇಡ." ಡಾಕ್ಟರು ಸೂಜಿ ಚುಚ್ಚಿ ಮಲಗಿಸಿದ್ರು. ನಿದ್ದೆ ಬಂತು, ಕೈ ಹಾಗೇ ಗಾಳಿಯಲ್ಲಿ. ನಿದ್ದೆಯಲ್ಲೂ ನಡುಗ್ತಿತ್ತು. ಕೂರಿಸೋಣ ಅಂತ ಕುರ್ಚಿ ಕೊಟ್ವಿ, ಮೆಲ್ಲಣ್ಣ ಅಲ್ಲಾಡಿಸಿ ನೋಡಿ ಕೂರ್ತಿದ್ದ ಅದೇ ಗಟ್ಟಿ ಕುರ್ಚಿ. ಕಿರ್ರ್... ಪಟ್ ಅಂತ ಕಾಲು ಮುರೀತು. ಇವನು ಕಡ್ಡಿ ಥರ ಇದ್ದ ಹುಡುಗ.

ಅನ್ನ ನಾನೇ ತಿನ್ನಿಸ್ತಿದ್ದೆ. ಮೂಗು ತುರಿಸಿದ್ರೂ ನಾನೇ ಬರ್ಬೇಕು. ರಾತ್ರಿಯೆಲ್ಲ ಗೋಡೆಗೆ ಮುಖ ಮಾಡಿ ಒಂದೇ ಮಾತು, "ಬಿಡ್ಲಾ?... ಬಿಡ್ಲಾ?..." ಮೇಲಿನ ಕೋಣೆಗೂ ಕೇಳ್ತಿತ್ತು. ಉತ್ತರ ಯಾರು ಕೊಡ್ತಾರೆ? ಆ ಕೋಣೆಯಲ್ಲಿ ಆಗಿದ್ದು, ಬಾವಿ ಹತ್ರ ಆಗಿದ್ದು, ಎಲ್ಲ ಆಗಲೇ ಹೇಳಿದ್ದು ನನಗೆ. ತುತ್ತು ಅಲ್ಲೇ ಇಟ್ಟು ಎದ್ದು ಹೋಗೋಣ ಅನ್ನಿಸ್ತು. ಆದ್ರೂ ಒಡಹುಟ್ಟಿದ ಹಾಗೆ ಬೆಳೆದೋನು, ಏನ್ ಮಾಡ್ಲಿ.

"ನೀನು 'ಬಿಡು' ಅನ್ನು ಅಕ್ಕಾ," ಅಂದ. ಅಂದೆ. ಚಿಕ್ಕಮ್ಮನೂ ಅಂದ್ರು. ಏನೂ ಆಗಲಿಲ್ಲ. ಪೆಟ್ಟಿಗೆಯ ಆ ಕಡೆ ನಾವು ಹಿಡಿದಿರಲಿಲ್ಲವಲ್ಲ.

"ಅವಳನ್ನ ಕರ್ಕೊಂಡು ಬಾ," ಅಂದ. "ಅವನ ಪರವಾಗಿ ಅವಳು ಅನ್ನಬಹುದು. ಎಲ್ಲ ಹೇಳ್ತೀನಿ. ಜೈಲಿಗೂ ಹೋಗ್ತೀನಿ."

ಅವಳನ್ನ ಹುಡುಕೋಕೆ ಸಾಕುಸಾಕಾಯ್ತು ನನಗೆ. ಕಂಪನಿ ಮನೆಯಲ್ಲಿ ಬೇರೆ ಯಾರೋ ಇದ್ರು. ಕೊನೆಗೆ ಒಂದು ಬಟ್ಟೆ ಅಂಗಡಿ ಹಿಂದಿನ ಗೋದಾಮಿನಲ್ಲಿ ಸಿಕ್ಕಿದ್ಲು, ಗುಂಡಿ ಹೊಲೀತಾ ಕೂತಿದ್ಲು. ಅತ್ತೆ ತೀರಿಹೋಗಿದ್ರು. ಮಗ ತೂಕಡಿಸಿದ ಅಂತಲೇ ನಂಬ್ಕೊಂಡು ಹೋದ್ರಂತೆ. ನಾನು ಏನೂ ಮುಚ್ಚಿಡದೆ ಹೇಳಿದೆ, ನಿಮ್ಮ ಗಂಡ ಬಿಡು ಅಂದಿರಲಿಲ್ಲ ಅಂತ. ಸೂಜಿ ಬಟ್ಟೆಗೆ ಚುಚ್ಚಿಟ್ಟು ಎದ್ದು ಬಂದ್ಲು.

ಅವನ ಕೋಣೆಗೆ ಬಂದು ಬಾಗಿಲ ಹತ್ರ ನಿಂತ್ಲು. ಅವನನ್ನ ನೋಡಿದ್ಲು. ತೋಳು ಒಣಕಲು ಕಟ್ಟಿಗೆ ಆಗಿತ್ತು, ಆದ್ರೂ ಮೇಲೇ ಇತ್ತು. ಅವಳ ಮುಖ ಸ್ವಲ್ಪ ಕರಗಿತು. ನಾನು ನೋಡಿದೆ, 'ಬಿಡು' ಅನ್ನೋಳಿದ್ಲು ಅವಳು. ಬಾಯಿ ತೆರೆದಿದ್ಲು.

ಇವನು ಸುಮ್ಮನಿರ್ಬಾರ್ದಾ? ಎಲ್ಲ ಹೇಳಿದ್ರೆ ಎಲ್ಲ ಹೋಗುತ್ತೆ ಅಂದ್ಕೊಂಡು ಹೇಳೋಕೆ ಶುರು ಮಾಡಿದ. ನನಗೂ ಹೇಳದಿದ್ದನ್ನ ಹೇಳಿದ.

"ಅವನ ಎದೆ ಮೇಲಿಂದ ಪೆಟ್ಟಿಗೆ ಎತ್ತೋಕೆ ನೋಡಿದೆ. ಒಬ್ಬನ ಕೈಯಲ್ಲಿ ಆಗಲಿಲ್ಲ. ಹೊರಗೆ ಹೋದೆ. ಮೊದಲು ಮ್ಯಾನೇಜರಿಗೆ ಫೋನು ಮಾಡಿದೆ. ಏನು ಹೇಳ್ಬೇಕು ಅಂತ ಅವರು ಹೇಳಿಕೊಟ್ರು. ಆಮೇಲೆ ಆಂಬುಲೆನ್ಸಿಗೆ... ತಿರುಗಿ ನೋಡಿದಾಗ ಕೋಣೆ ಲೈಟು ಆರಿತ್ತು."

ಅವಳಿಗೂ ಆ ಲೈಟಿನ ವಿಷಯ ಗೊತ್ತಿತ್ತು. ಗಂಡ ಮನೆಯಲ್ಲಿ ಕೈ ಬೀಸಿ ತೋರಿಸಿ ನಗಿಸಿದ್ದನಂತೆ.

"ಆರೋವಾಗ ಜೀವ ಇತ್ತಾ?" ಅಂದ್ಲು.

ಇವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಇತ್ತು. ಕರೀತಿದ್ದ. ಕೈ ಅಡಿಗೆ ಸಿಕ್ಕಿತ್ತು, ಬೀಸೋಕೆ ಆಗ್ತಿರಲಿಲ್ಲ. ಒಂದ್ಸಲ ಅನ್ನಿ ಅತ್ತಿಗೆ. ಒಂದೇ ಮಾತು. ಕೈ ಮುಗೀತೀನಿ ಅನ್ನೋಕೂ ಕೈ ಇಲ್ಲ ನನಗೆ. ಬಿಡ್ಲಾ?"

ಅವಳು ಸೆರಗು ಸರಿ ಮಾಡ್ಕೊಂಡ್ಲು. ಆಮೇಲೆ, ಜೋರಾಗಿ ಅಲ್ಲ, ಅವಳ ಗಂಡ ಮಾತಾಡ್ತಿದ್ದ ಹಾಗೇ ಮೆಲ್ಲಗೆ ಹೇಳಿದ್ಲು.

"ಹಿಡ್ಕೊಂಡಿರಿ."

ಹೋದ್ಲು. ಚಪ್ಪಲಿ ಸದ್ದು ಬಾವಿ ತಿರುವಿನ ತನಕ ಕೇಳ್ತಿತ್ತು. ಮತ್ತೆ ಯಾವತ್ತೂ ಬರಲಿಲ್ಲ. ನಾನೂ ಕರೆಯೋಕೆ ಹೋಗಲಿಲ್ಲ. ಯಾವ ಮುಖ ಇಟ್ಕೊಂಡು ಹೋಗ್ಲಿ?

ಅವನು ಆಮೇಲೆ ಹೆಚ್ಚು ದಿನ ಇರಲಿಲ್ಲ. ಕತ್ತಲೆಗೆ ಹೆದರ್ತಿದ್ದ, ಅದಕ್ಕೆ ರಾತ್ರಿಯಿಡೀ ಅವನ ಕೋಣೆ ಲೈಟು ಹಾಕೇ ಇಡ್ತಿದ್ದೆ. ಒಂದು ಬೆಳಗಿನ ಜಾವ ಕೆಳಗಿನಿಂದ ಧಡ್ ಅಂತ ಸದ್ದು, ನನ್ನ ಮಂಚ ಅದುರಿತು. ಚಿಕ್ಕಮ್ಮನೂ ನಾನೂ ಒಟ್ಟಿಗೆ ಓಡಿದ್ವಿ. ಬಾಗಿಲು ತಳ್ಳಿದ್ರೆ ಒಳಗೆ ಕಗ್ಗತ್ತಲೆ.

ಹೊಸ್ತಿಲು ದಾಟಿದ್ವಿ. ಟಿಕ್ ಅಂತ ಲೈಟು ಹತ್ತಿತು.

ಅಂಗಾತ ಬಿದ್ದಿದ್ದ. ಕೈ ಕೊನೆಗೂ ಕೆಳಗಿಳಿದಿತ್ತು. ಎದೆ ಮೇಲೆ ಏನೂ ಇರಲಿಲ್ಲ, ಆದ್ರೆ ಪಕ್ಕೆಲುಬು ಮುರಿದು ಒಳಗೆ ಹೋಗಿತ್ತು.

ನೀವು ಏನಾದ್ರೂ ಅಂದ್ಕೊಳ್ಳಿ. ಬಿದ್ದು ಪೆಟ್ಟಾಯ್ತು ಅಂದ್ರು ಡಾಕ್ಟರು, ಅದೂ ಇರ್ಬಹುದು. ಆದ್ರೆ ಆ ಬಲ್ಬು ನಾನೇ ಅಂಗಡಿಯಿಂದ ತಂದು ಹಾಕಿದ್ದ ಸಾದಾ ಬಲ್ಬು. ಗೋಡೆ ಗುಂಡಿ ಒತ್ತಿದ್ರೆ ಹತ್ತೋದು, ಒತ್ತಿದ್ರೆ ಆರೋದು. ಆವತ್ತು ಮಲಗೋ ಮುಂಚೆ ನಾನು ಒತ್ತಿದ್ದು ಒತ್ತಿದ ಹಾಗೇ ಇತ್ತು. ಕರೆಂಟೂ ಹೋಗಿರಲಿಲ್ಲ, ಕೆಳಗೆ ಫ್ರಿಜ್ಜು ಗುಂಯ್ ಅಂತಲೇ ಇತ್ತು. ಬಾಗಿಲಲ್ಲಿ ನಾವು ಅಲುಗಾಡಿದ ಮೇಲೆ ಅದು ಹತ್ತಿದ್ದು. ನನ್ನ ಎರಡು ಕಣ್ಣಿಂದ ನೋಡಿದೀನಿ.